ನಮ್ಮ ಬೆನ್ನು ನೆಟ್ಟಗಿದೆಯೇ?



ಸಂಜೆ ಕಲಿಕಾ ಕೇಂದ್ರಕ್ಕೆ ಬಂದು ಕೂತ ಕೂಡಲೇ ನಾವು ಆಡುವ ಮೊದಲ ಮಾತು ಯಾವುದು? "ಅಯ್ಯೋ, ಸೊಂಟ!" ಒಬ್ಬರು ಗೋಡೆಗೆ ಒರಗುತ್ತೇವೆ. ಒಬ್ಬರು ಕಾಲು ಚಾಚುತ್ತೇವೆ. ಇನ್ನೊಬ್ಬರು ಕತ್ತು ಒತ್ತಿಕೊಳ್ಳುತ್ತೇವೆ. ಈ ನೋವು ಹೆಣ್ಣು ಜನ್ಮದ ಜೊತೆಗೇ ಬಂದದ್ದು ಎಂದು ಸುಮ್ಮನಿದ್ದೇವೆ. ಅದು ನಿಜವೇ? ಇವತ್ತಿನ ಪಾಠದಲ್ಲಿ ನೋಡೋಣ.

ದೊಡ್ಡಕ್ಕನ ರವಿಕೆ

ನಮ್ಮ ಗುಂಪಿನಲ್ಲಿ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ದೊಡ್ಡಕ್ಕ ಅಂತಲೇ ಕರೆಯುತ್ತೇವೆ. ಹಬ್ಬಕ್ಕೆ ರವಿಕೆ ಹೊಲಿಸಲು ಹೋದರು. ಹೊಲಿಯುವ ಹುಡುಗಿ ಟೇಪು ಹಿಡಿದು ಅಳತೆ ತೆಗೆದಳು. ಇನ್ನೊಮ್ಮೆ ತೆಗೆದಳು.

"ಅಕ್ಕಾ, ನಿಮ್ಮ ಬಲ ಭುಜ ಒಂದು ಬೆರಳು ಕೆಳಗಿದೆಯಲ್ಲ!"

"ನಿನ್ನ ಟೇಪು ಸರಿ ಇಲ್ಲ ಬಿಡೇ."

"ಟೇಪು ಸರಿಯಾಗೇ ಇದೆ. ನೀವು ಬಿಂದಿಗೆ ಯಾವ ಸೊಂಟದ ಮೇಲೆ ಇಡ್ತೀರಿ?"

"ಎಡಗಡೆ. ಮದುವೆ ಆದಾಗಿಂದ ಎಡಗಡೆನೇ."

"ಮಕ್ಕಳನ್ನು ಎತ್ತಿಕೊಂಡಿದ್ದು?"

"ಅದೂ ಎಡಗಡೆನೇ. ಬಲಗೈಲಿ ಕೆಲಸ ಆಗಬೇಕಲ್ಲವ್ವಾ!"

ಕೇಂದ್ರದಲ್ಲಿ ದೊಡ್ಡಕ್ಕ ಇದನ್ನು ಹೇಳಿದಾಗ ನಾವೆಲ್ಲ ನಕ್ಕೆವು. ಆಮೇಲೆ ಒಬ್ಬರ ಭುಜ ಒಬ್ಬರು ನೋಡಿದೆವು. ಆಗ ಯಾರೂ ನಗಲಿಲ್ಲ.

ಬೆನ್ನು ಹೇಗಿದೆ?

ನಮ್ಮ ಬೆನ್ನು ಒಂದೇ ಕೋಲಲ್ಲ. ಮಣಿಸರದ ಹಾಗೆ ಸಣ್ಣ ಸಣ್ಣ ಮೂಳೆಗಳ ಸಾಲು. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಹೀಗೆ 24 ಮೂಳೆಗಳು. ಅವುಗಳ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ಮೂಳೆಗಳಿವೆ. ಮೂಳೆ ಮೂಳೆಯ ನಡುವೆ ಮೆತ್ತೆಯಂಥ ಬಿಲ್ಲೆ ಇರುತ್ತದೆ. ಇವನ್ನೆಲ್ಲ ಹಿಡಿದು ನಿಲ್ಲಿಸುವುದು ಸ್ನಾಯು. ಗುಡಿಸಲಿನ ಕಂಬವನ್ನು ನಾಲ್ಕು ಕಡೆ ಹಗ್ಗ ಕಟ್ಟಿ ನಿಲ್ಲಿಸುತ್ತೇವಲ್ಲ, ಹಾಗೆ.

ಹಿಂದಿನಿಂದ ನೋಡಿದರೆ ಬೆನ್ನು ನೇರ. ಪಕ್ಕದಿಂದ ನೋಡಿದರೆ ಸ್ವಲ್ಪ ಡೊಂಕು. ಕತ್ತು ಒಳಗೆ, ಬೆನ್ನು ಹೊರಗೆ, ಸೊಂಟ ಒಳಗೆ. ಈ ಡೊಂಕು ಇರಲೇಬೇಕು. ಅದು ಹೆಚ್ಚಾದರೆ ಅಥವಾ ಒಂದೇ ಪಕ್ಕಕ್ಕೆ ವಾಲಿದರೆ ಹಗ್ಗಗಳ ಎಳೆತ ತಪ್ಪುತ್ತದೆ. ಒಂದು ಕಡೆ ಸ್ನಾಯು ಬಿಗಿಯಾಗುತ್ತದೆ. ಇನ್ನೊಂದು ಕಡೆ ಜಗ್ಗಿ ಸೋಲುತ್ತದೆ. ಕೀಲಿನ ಮೇಲೂ ಭಾರ ಸಮನಾಗಿ ಬೀಳುವುದಿಲ್ಲ.

ನಾವು ನೋಡುವ ನಾಲ್ಕು ಬಗೆ

1. ಪಕ್ಕಕ್ಕೆ ವಾಲಿದ ಮೈ. ಹದಿನೈದು ಲೀಟರ್ ನೀರು ಎಂದರೆ 15 ಕಿಲೋ. ಬಿಂದಿಗೆಯ ತೂಕ ಬೇರೆ. ಅದು ಎಡಕ್ಕೆ ಎಳೆಯುತ್ತದೆ. ಬೀಳಬಾರದೆಂದು ನಾವು ಬಲಕ್ಕೆ ವಾಲುತ್ತೇವೆ. ಬಲಗಡೆಯ ಸೊಂಟದ ಸ್ನಾಯು ಬಿಗಿ ಹಿಡಿಯುತ್ತದೆ. ದಿನವೂ ಒಂದೇ ಕಡೆ ಹೊತ್ತರೆ ಆ ಕಡೆಗೆ ಬಿಡುವೇ ಇಲ್ಲ.

2. ಗೂನು ಬೆನ್ನು. ನಾಟಿ, ಕಳೆ, ಗಿಡ್ಡ ಪೊರಕೆಯ ಕಸ ಗುಡಿಸುವುದು, ಎಲ್ಲವೂ ಬಗ್ಗಿ ಮಾಡುವ ಕೆಲಸ. ಭುಜ ಮುಂದೆ ಬರುತ್ತದೆ. ಎದೆಯ ಸ್ನಾಯು ಗಿಡ್ಡವಾಗಿ ಬಿಗಿಯುತ್ತದೆ. ಬೆನ್ನಿನ ಸ್ನಾಯು ಜಗ್ಗುತ್ತದೆ. ಕೈ ಮೇಲೆತ್ತಿದರೆ ಭುಜ ಹಿಡಿಯುತ್ತದೆ.

3. ಮುಂದೆ ಚಾಚಿದ ಕತ್ತು. ತಲೆಯ ತೂಕ ಸುಮಾರು 4ರಿಂದ 5 ಕಿಲೋ. ಬೀಡಿ ಕಟ್ಟುವಾಗ, ಹೂ ಕಟ್ಟುವಾಗ, ಮೊಬೈಲು ನೋಡುವಾಗ ತಲೆ ಮುಂದೆ ಬಾಗುತ್ತದೆ. ಆ ಭಾರ ಹಿಡಿಯುವುದು ಹಿಂಗತ್ತಿನ ಸ್ನಾಯು. ಕತ್ತು ನೋವು, ತಲೆನೋವು ಬರಬಹುದು.

4. ಒಳಗೆ ಬಾಗಿದ ಸೊಂಟ. ಹೊಟ್ಟೆ ಮುಂದೆ, ಸೊಂಟ ಒಳಗೆ. ಬಸುರಿಯಲ್ಲಿ ಹೀಗಾಗುವುದು ಸಹಜ. ಹೆರಿಗೆ ಆದ ಮೇಲೂ ಹೊಟ್ಟೆಯ ಸ್ನಾಯು ಸಡಿಲವಾಗೇ ಉಳಿದರೆ ಸೊಂಟದ ಕೀಲುಗಳು ಒತ್ತುತ್ತವೆ.

ಗುರುತಿಸುವುದು ಹೇಗೆ?

ಇಬ್ಬಿಬ್ಬರು ಜೊತೆಯಾಗೋಣ. ಒಬ್ಬರು ಗೋಡೆಗೆ ಬೆನ್ನು ಕೊಟ್ಟು ನಿಲ್ಲೋಣ. ಹಿಮ್ಮಡಿ ಗೋಡೆಯಿಂದ ನಾಲ್ಕು ಬೆರಳು ಮುಂದಿರಲಿ. ಕುಂಡಿ, ಬೆನ್ನು, ತಲೆ ಗೋಡೆಗೆ ತಾಗಲಿ.

ಗಲ್ಲ ಎತ್ತದೆ ತಲೆ ಗೋಡೆಗೆ ತಾಗುತ್ತದೆಯೇ? ತಾಗದಿದ್ದರೆ ಕತ್ತು ಮುಂದೆ ಚಾಚಿದೆ, ಇಲ್ಲವೇ ಬೆನ್ನು ಬಾಗಿದೆ. ಸೊಂಟದ ಹಿಂದೆ ಅಂಗೈ ತೂರುತ್ತದೆಯೇ? ಅದು ಸರಿ. ಮುಷ್ಟಿಯೇ ತೂರಿದರೆ ಸೊಂಟ ಹೆಚ್ಚು ಒಳಗೆ ಬಾಗಿದೆ. ಎರಡೂ ಭುಜ ಸಮನಾಗಿವೆಯೇ? ಹಳೆಯ ಚಪ್ಪಲಿ ನೋಡಿ. ಒಂದೇ ಕಾಲಿನದು ಹೆಚ್ಚು ಸವೆದಿದ್ದರೆ ಆ ಕಾಲಿನ ಮೇಲೆ ಭಾರ ಹೆಚ್ಚು ಬೀಳುತ್ತಿರಬಹುದು.

ಹೆದರಬೇಡಿ. ಓರೆ ಇದ್ದವರಿಗೆಲ್ಲ ನೋವು ಬರುವುದಿಲ್ಲ. ನೆಟ್ಟಗಿದ್ದವರಿಗೂ ನೋವು ಬರಬಹುದು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದೇ ದೊಡ್ಡ ತೊಂದರೆ.

ಏನು ಮಾಡೋಣ?

"ಕೆಲಸ ಬಿಡು ಅಂದ್ರೆ ಆಗುತ್ತಾ? ಕೂಲಿ ತಪ್ಪಿದರೆ ಒಲೆ ಉರಿಯಲ್ಲ" ಎಂದರು ದೊಡ್ಡಕ್ಕ. ನಿಜ. ಕೆಲಸ ಬಿಡುವುದು ಬೇಡ. ಮಾಡುವ ರೀತಿ ಬದಲಿಸೋಣ.

ಒಂದು ಸಲ ಎಡ ಸೊಂಟ, ಒಂದು ಸಲ ಬಲ ಸೊಂಟ. ಆದರೆ ದೊಡ್ಡ ಬಿಂದಿಗೆ ಬದಲು ಎರಡು ಸಣ್ಣ ಕೊಡ, ಕೈಗೊಂದು.

ಭಾರ ಎತ್ತುವಾಗ ಮೊಣಕಾಲು ಮಡಿಸಿ ಕೂತು, ಮೈಗೆ ಹತ್ತಿರ ಹಿಡಿದು ಏಳೋಣ.

ನಾಟಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟಕ್ಕೆ ಕೈ ಕೊಟ್ಟು, ಐದು ಸಲ ಮೆಲ್ಲಗೆ ಹಿಂದಕ್ಕೆ ಬಾಗೋಣ.

ಪೊರಕೆಗೆ ಉದ್ದ ಕೋಲು ಕಟ್ಟೋಣ. ಓದುವಾಗ ಪುಸ್ತಕವನ್ನು ತೊಡೆಯ ಮೇಲೆ ಬೇಡ, ಮಣೆಯ ಮೇಲೆ ಎತ್ತರಿಸಿ ಇಡೋಣ.

ಆಸ್ಪತ್ರೆಗೆ ಯಾವಾಗ?

ಕಾಲಿಗೆ ಜೋಮು ಹಿಡಿದು ಬಲ ಕಡಿಮೆಯಾದರೆ, ಒಂದಕ್ಕೆ ಎರಡಕ್ಕೆ ಹಿಡಿತ ತಪ್ಪಿದರೆ ತಡ ಮಾಡಬಾರದು. ಅವತ್ತೇ ಹೋಗಬೇಕು. ಬೆನ್ನು ನೋವಿನ ಜೊತೆ ಜ್ವರ ಬಂದು ತೂಕ ಇಳಿದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಅದಕ್ಕೆ ಔಷಧಿ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮುಟ್ಟು ನಿಂತ ಮೇಲೆ ಎತ್ತರ ಕಡಿಮೆಯಾಗಿ ಗೂನು ಬಂದರೆ ಮೂಳೆ ಸವೆದಿರಬಹುದು. ಅದನ್ನೂ ತೋರಿಸಬೇಕು.

ಬೆಳೆಯುವ ಹೆಣ್ಣು ಮಕ್ಕಳನ್ನೂ ನೋಡೋಣ. ಕಾಲು ಜೋಡಿಸಿ, ಕೈ ಇಳಿಬಿಟ್ಟು ಮುಂದಕ್ಕೆ ಬಗ್ಗಲು ಹೇಳಿ. ಹಿಂದೆ ನಿಂತು ನೋಡಿ. ಬೆನ್ನಿನ ಒಂದು ಕಡೆ ಉಬ್ಬಿದ್ದರೆ ವೈದ್ಯರಿಗೆ ತೋರಿಸಿ. ಅದು ಬಿಂದಿಗೆ ಹೊತ್ತು ಬಂದದ್ದಲ್ಲ, ಬೆನ್ನುಮೂಳೆಯೇ ಓರೆ ಬೆಳೆಯುವುದು. ಬೇಗ ಕಂಡುಕೊಂಡರೆ ಹೆಚ್ಚಾಗದಂತೆ ತಡೆಯಲು ದಾರಿ ಇದೆ.

ಮನೆಯಲ್ಲಿ ನಡೆದದ್ದು

ದೊಡ್ಡಕ್ಕನ ಮಗಳಿಗೆ ಹನ್ನೆರಡು ವರ್ಷ. ಅವಳೂ ಎಡ ಸೊಂಟ ಚಾಚಿ ಕೊಡ ಹೊತ್ತು ಬರುತ್ತಿದ್ದಳು. ಮಗ ಜಗಲಿಯಲ್ಲಿ ಕೂತಿದ್ದ. ದೊಡ್ಡಕ್ಕ ಅವನ ಕೈಗೂ ಕೊಡ ಕೊಟ್ಟರು.

"ಗಂಡು ಹುಡುಗ ನೀರು ಹೊತ್ತರೆ ಜನ ಏನಂತಾರೆ?" ಎಂದರು ಗಂಡ.

"ಜನ ಬಂದು ನನ್ನ ಸೊಂಟಕ್ಕೆ ಎಣ್ಣೆ ತಿಕ್ತಾರಾ?" ಎಂದರು ದೊಡ್ಡಕ್ಕ.

ಈಗ ಮಗ ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ತರುತ್ತಾನೆ. ದೊಡ್ಡಕ್ಕನ ನೋವು ಪೂರ್ತಿ ಹೋಗಿಲ್ಲ. ಆದರೆ ಬೆಳಿಗ್ಗೆ ಗೋಡೆ ಹಿಡಿಯದೆ ಏಳುತ್ತಾರೆ.

ನೀರು ಮನೆಯವರಿಗೆಲ್ಲ ಬೇಕು. ಹೊರುವ ಬೆನ್ನು ಒಂದೇ ಯಾಕೆ?

ಮಾತಾಡೋಣ, ಬರೆಯೋಣ

1. ನೀವು ಬಿಂದಿಗೆಯನ್ನು ಯಾವ ಕಡೆ ಹೊರುತ್ತೀರಿ?
2. ಗೋಡೆಗೆ ನಿಂತಾಗ ಏನು ಕಂಡಿತು?
3. ನಿಮ್ಮ ಮನೆಯಲ್ಲಿ ಯಾವ ಭಾರವನ್ನು ಯಾರ ಜೊತೆ ಹಂಚಿಕೊಳ್ಳಬಹುದು? ಎರಡು ಸಾಲು ಬರೆಯಿರಿ.