ತರಬೇತಿಗೆ ಬರುವ ವಿದ್ಯಾರ್ಥಿಗೆ ಯಾವ ಕೆಲಸ ಕೊಡಬೇಕು?

(ಸದಸ್ಯರ ಶಿಕ್ಷಣ ಪಾಠ)



ಹಾಲು ಉತ್ಪಾದಕರ ಮನೆಗಳ ಮಕ್ಕಳು ಪದವಿ ಮುಗಿಸಿ ಎಂ.ಬಿ.ಎ., ಗ್ರಾಮೀಣ ನಿರ್ವಹಣೆ, ಕೃಷಿ ವ್ಯವಹಾರ ಮುಂತಾದ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರುತ್ತಿರುವುದು ಸಂತೋಷದ ಸಂಗತಿ. ಈ ತರಗತಿಗಳಲ್ಲಿ 'ಯೋಜನಾ ನಿರ್ವಹಣೆ' ಎಂಬ ವಿಷಯವನ್ನು ಕಲಿಸುತ್ತಾರೆ. ಒಂದು ಕೆಲಸವನ್ನು ಗೊತ್ತುಮಾಡಿದ ಅವಧಿಯಲ್ಲಿ, ಗೊತ್ತುಮಾಡಿದ ಹಣದಲ್ಲಿ, ಗೊತ್ತುಮಾಡಿದ ಗುಣಮಟ್ಟದಲ್ಲಿ ಮುಗಿಸುವ ವಿದ್ಯೆಯೇ ಇದು. ವ್ಯಾಸಂಗದ ನಡುವೆ ವಿದ್ಯಾರ್ಥಿಯು ಸಾಮಾನ್ಯವಾಗಿ ಆರರಿಂದ ಎಂಟು ವಾರ ಯಾವುದಾದರೂ ಸಂಸ್ಥೆಯಲ್ಲಿದ್ದು ಕೆಲಸ ಕಲಿಯಬೇಕಾಗುತ್ತದೆ. ಇದಕ್ಕೆ ಇಂಟರ್ನ್‌ಶಿಪ್ ಎನ್ನುತ್ತಾರೆ.

ಹೀಗೆ ಬಂದ ವಿದ್ಯಾರ್ಥಿಗೆ ಏನು ಕೆಲಸ ಕೊಡಬೇಕೆಂದು ತೋಚದೆ ಹಳೆಯ ಲೆಡ್ಜರ್ ನಕಲು ಮಾಡಿಸಿ, ಆಗಾಗ ಬ್ಯಾಂಕಿಗೆ ಕಳುಹಿಸಿ, ಕಡೆಗೆ ಪ್ರಮಾಣಪತ್ರಕ್ಕೆ ಮೊಹರು ಹಾಕಿ ಬೀಳ್ಕೊಡುವುದು ಹಲವು ಕಡೆ ಉಂಟು. ಇದರಿಂದ ವಿದ್ಯಾರ್ಥಿಗೆ ಎರಡು ತಿಂಗಳು ನಷ್ಟ, ಸಂಸ್ಥೆಗೂ ಪ್ರಯೋಜನವಿಲ್ಲ. ಈ ಪಾಠದಲ್ಲಿ ನಾವು ತಿಳಿಯಬೇಕಾದುದು ಇಷ್ಟೇ: ತರಬೇತಿಗೆ ಬಂದವರಿಗೆ ಹತ್ತು ಚಿಲ್ಲರೆ ಕೆಲಸ ಕೊಡುವ ಬದಲು, ಆರಂಭ ಮತ್ತು ಕೊನೆ ಎರಡೂ ಇರುವ ಒಂದೇ ಕೆಲಸವನ್ನು ವಹಿಸಿ, ಅದರ ಲೆಕ್ಕವನ್ನು ಅವರಿಂದ ಬರೆಸಿಕೊಳ್ಳಬೇಕು.

ಹೈನುಗಾರಿಕೆಗೆ ಇದು ಹೊಸದಲ್ಲ

ಗುಜರಾತಿನ ಖೇಡಾ ಜಿಲ್ಲಾ ಹಾಲು ಒಕ್ಕೂಟ ನೋಂದಣಿಯಾದದ್ದು 1946ರಲ್ಲಿ. ಡಾ. ವರ್ಗೀಸ್ ಕುರಿಯನ್ ಅವರು ಅಮೆರಿಕದಲ್ಲಿ ಸ್ನಾತಕೋತ್ತರ ವ್ಯಾಸಂಗ ಮುಗಿಸಿ 1949ರಲ್ಲಿ ಆನಂದಕ್ಕೆ ಬಂದರು. ಅಲ್ಲಿನ ಸರ್ಕಾರಿ ಕ್ರೀಮರಿಯಲ್ಲಿ ಕೆಲಸಕ್ಕಿದ್ದ ಅವರು ಒಕ್ಕೂಟದ ಅಧ್ಯಕ್ಷರಾದ ತ್ರಿಭುವನದಾಸ್ ಪಟೇಲರಿಗೆ ಯಂತ್ರಗಳ ವಿಷಯದಲ್ಲಿ ನೆರವಾಗುತ್ತಾ, ಹೈನು ಸಹಕಾರವನ್ನು ಕೆಲಸದ ಮೂಲಕವೇ ಅರಿತುಕೊಂಡರು. ಮುಂದೆ 1970ರಿಂದ 1996ರವರೆಗೆ ಮೂರು ಹಂತಗಳಲ್ಲಿ ನಡೆದ ಕ್ಷೀರಧಾರೆ ಯೋಜನೆ ದೇಶದ ದೊಡ್ಡ ಯೋಜನೆಗಳಲ್ಲಿ ಒಂದಾಯಿತು. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ಕಾರ್ಯಕ್ರಮ ಆರಂಭವಾಗಿ ಹಳ್ಳಿ ಹಳ್ಳಿಗಳಲ್ಲಿ ಸಂಘಗಳು ಹುಟ್ಟಿದವು. 1984ರಲ್ಲಿ ಕಹಾಮ ರೂಪುಗೊಂಡಿತು.

ಇಷ್ಟು ಸಂಘಗಳನ್ನು ನಡೆಸಲು ಹಳ್ಳಿಯನ್ನು ಬಲ್ಲ ವ್ಯವಸ್ಥಾಪಕರು ಬೇಕಾದರು. ಅದಕ್ಕಾಗಿ ಕುರಿಯನ್ ಅವರು 1979ರಲ್ಲಿ ಆನಂದದಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆ, ಅಂದರೆ 'ಇರ್ಮಾ'ವನ್ನು ಸ್ಥಾಪಿಸಿದರು. ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳು ತರಗತಿಯ ಪಾಠದ ಜೊತೆಗೆ ಕೆಲವು ವಾರ ಹಳ್ಳಿಯಲ್ಲೇ ಉಳಿದು ಅಲ್ಲಿನ ಬದುಕನ್ನು ಅಭ್ಯಾಸ ಮಾಡಬೇಕು, ಬಳಿಕ ಒಂದು ಸಂಸ್ಥೆಯಲ್ಲಿ ನಿಜವಾದ ಸಮಸ್ಯೆಯ ಮೇಲೆ ಕೆಲಸ ಮಾಡಬೇಕು ಎಂಬ ಕ್ರಮ ಬೆಳೆಯಿತು. 2025ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಈ ಸಂಸ್ಥೆ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಯಿತು. 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂದು ನಮ್ಮ ಹಿರಿಯರು ಹೇಳಿದ್ದನ್ನೇ ಈ ಕ್ರಮವೂ ಒಪ್ಪಿದೆ ಎನ್ನಬಹುದು.

ಒಂದು ಉದಾಹರಣೆ: ಬಿ.ಎಂ.ಸಿ. ಸ್ಥಾಪನೆ

ಸಂಘವೊಂದು ಬಲ್ಕ್ ಮಿಲ್ಕ್ ಕೂಲರ್ ಕೂರಿಸಲು ತೀರ್ಮಾನಿಸಿದೆ ಎಂದುಕೊಳ್ಳೋಣ. ಕರೆದ ಹಾಲು ಹಸುವಿನ ಮೈಯ ಬಿಸಿಯಲ್ಲೇ ಇರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಾಣುಗಳು ಬೇಗ ಬೇಗ ದ್ವಿಗುಣಗೊಳ್ಳುತ್ತವೆ. ಆದಷ್ಟು ಬೇಗ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ ಅವುಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಆದ್ದರಿಂದ ಬಿ.ಎಂ.ಸಿ. ಒಂದು ವಾರ ತಡವಾದರೆ ಆ ವಾರವಿಡೀ ಹಾಲು ಕೆಡುವ ಅಪಾಯ ಉಳಿದೇ ಇರುತ್ತದೆ. ಇಲ್ಲಿ ಕಾಲವೆಂದರೆ ಉತ್ಪಾದಕರ ಹಣ.

ಇದರಲ್ಲಿ ಬರುವ ಕೆಲಸಗಳನ್ನು ಬರೆಯೋಣ. ಕೆಳಗಿನ ವಾರಗಳು ಲೆಕ್ಕ ಕಲಿಯಲು ಇಟ್ಟುಕೊಂಡವು. ನಿಮ್ಮ ಊರಿನಲ್ಲಿ ಇವು ಬೇರೆಯಾಗಬಹುದು.

1. ಆಡಳಿತ ಮಂಡಳಿ ತೀರ್ಮಾನ, ಸ್ಥಳದ ಆಯ್ಕೆ: 2 ವಾರ
2. ಕೋಣೆ, ನೆಲ, ಚರಂಡಿ ಕಟ್ಟುವುದು: 8 ವಾರ (1 ಮುಗಿದ ಮೇಲೆ)
3. ಮೂರು ಫೇಸ್ ವಿದ್ಯುತ್ ಸಂಪರ್ಕ: 10 ವಾರ (1 ಮುಗಿದ ಮೇಲೆ)
4. ಟ್ಯಾಂಕಿಗೆ ಆದೇಶ ಕೊಟ್ಟು ತರಿಸುವುದು: 6 ವಾರ (1 ಮುಗಿದ ಮೇಲೆ)
5. ಟ್ಯಾಂಕ್ ಮತ್ತು ಕೊಳವೆ ಜೋಡಣೆ: 1 ವಾರ (2 ಮತ್ತು 4 ಮುಗಿದ ಮೇಲೆ)
6. ಜನರೇಟರ್ ಕೂರಿಸುವುದು: 1 ವಾರ (2 ಮುಗಿದ ಮೇಲೆ)
7. ನೀರು ಹಾಕಿ ಪರೀಕ್ಷೆ, ತೊಳೆಯುವ ಕ್ರಮದ ತರಬೇತಿ: 1 ವಾರ (3, 5, 6 ಮುಗಿದ ಮೇಲೆ)

ಎಲ್ಲವನ್ನೂ ಕೂಡಿದರೆ 29 ವಾರ. ಆದರೆ ಕೆಲವು ಕೆಲಸ ಒಟ್ಟೊಟ್ಟಿಗೇ ನಡೆಯುವುದರಿಂದ ಅಷ್ಟು ಕಾಲ ಬೇಕಿಲ್ಲ. ಈಗ ಒಂದೊಂದು ದಾರಿಯನ್ನೂ ಬೇರೆಯಾಗಿ ಕೂಡಿ ನೋಡಿ.

ಕೋಣೆಯ ದಾರಿ: 2 + 8 + 1 + 1 = 12 ವಾರ. (ಕೋಣೆಯಾದ ಮೇಲೆ ಟ್ಯಾಂಕ್ ಕೂರಿಸಿದರೂ, ಜನರೇಟರ್ ಕೂರಿಸಿದರೂ ಲೆಕ್ಕ ಅಷ್ಟೇ.)
ಟ್ಯಾಂಕಿನ ದಾರಿ: 2 + 6 + 1 + 1 = 10 ವಾರ.
ವಿದ್ಯುತ್ತಿನ ದಾರಿ: 2 + 10 + 1 = 13 ವಾರ.

ಎಲ್ಲಕ್ಕಿಂತ ಉದ್ದವಾದ ದಾರಿಯೇ ಇಡೀ ಕೆಲಸದ ಅವಧಿ. ಇಲ್ಲಿ ಅದು ವಿದ್ಯುತ್ತಿನ ದಾರಿ, 13 ವಾರ. ಇದನ್ನು 'ನಿರ್ಣಾಯಕ ದಾರಿ' ಎನ್ನುತ್ತಾರೆ. 1957ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಎಂಬ ರಾಸಾಯನಿಕ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಈ ಲೆಕ್ಕದ ಕ್ರಮವನ್ನು ರೂಪಿಸಿದರು.

ಈ ಲೆಕ್ಕದಿಂದ ಮೂರು ವಿಷಯ ತಿಳಿಯುತ್ತದೆ. ಮೊದಲನೆಯದಾಗಿ, ಮೇಸ್ತ್ರಿಗೆ ಹೆಚ್ಚು ಕೂಲಿ ಕೊಟ್ಟು ಕೋಣೆಯನ್ನು ಎರಡು ವಾರ ಮೊದಲೇ ಮುಗಿಸಿದರೂ ಹಾಲು ಒಂದು ದಿನವೂ ಮೊದಲು ತಂಪಾಗುವುದಿಲ್ಲ, ಕರೆಂಟು ಬಂದಿರುವುದಿಲ್ಲವಲ್ಲ! ಎರಡನೆಯದಾಗಿ, ವಿದ್ಯುತ್ ಸಂಪರ್ಕದ ಅರ್ಜಿ ಒಂದು ವಾರ ಮೇಜಿನ ಮೇಲೆ ಉಳಿದರೆ ಇಡೀ ಯೋಜನೆ ಒಂದು ವಾರ ಹಿಂದೆ ಬೀಳುತ್ತದೆ. ಮೂರನೆಯದಾಗಿ, ತೀರ್ಮಾನವಾದ ಕೂಡಲೇ ಟ್ಯಾಂಕಿಗೆ ಆದೇಶ ಕೊಟ್ಟರೆ ಅದು ಎಂಟನೆಯ ವಾರದ ಕೊನೆಗೆ ಬಂದುಬಿಡುತ್ತದೆ. ಕೋಣೆ ಮುಗಿಯುವುದು ಹತ್ತನೆಯ ವಾರದ ಕೊನೆಗೆ. ಎರಡು ವಾರ ಟ್ಯಾಂಕ್ ಬಯಲಲ್ಲಿ ಬಿಸಿಲು ಕಾಯಬೇಕು. 'ಕೂಸು ಹುಟ್ಟುವ ಮುಂಚೆ ಕುಲಾವಿ' ಎಂದರೆ ಇದೇ.

ವಿದ್ಯಾರ್ಥಿಯ ಕೆಲಸ ಇಲ್ಲಿದೆ

ಇಂಥ ಪಟ್ಟಿಯನ್ನು ತರಗತಿಯಲ್ಲಿ ಒಂದು ಗಂಟೆಯಲ್ಲಿ ಕಲಿಯಬಹುದು. ಆದರೆ ಹತ್ತು ವಾರ ಎಂಬ ಅಂಕಿ ಎಲ್ಲಿಂದ ಬಂತು? ಲೈನ್‌ಮನ್ ಒಂದು ಹೇಳುತ್ತಾರೆ, ಕಚೇರಿಯ ಎಂಜಿನಿಯರ್ ಇನ್ನೊಂದು ಹೇಳುತ್ತಾರೆ. ಮಳೆಗಾಲದಲ್ಲಿ ಗಾರೆ ಕೆಲಸ ಎಷ್ಟು ದಿನ ನಿಲ್ಲುತ್ತದೆ ಎಂಬುದು ಮೇಸ್ತ್ರಿಗೇ ಗೊತ್ತು. ಬಿತ್ತನೆಯ ಸಮಯದಲ್ಲಿ ಕೂಲಿಯಾಳು ಸಿಗುವುದಿಲ್ಲ ಎಂಬುದು ಸದಸ್ಯರಿಗೆ ಗೊತ್ತು. ಇವರನ್ನೆಲ್ಲ ಕಂಡು, ಕೇಳಿ, ಸರಿಯಾದ ಅಂಕಿ ಬರೆಯುವುದೇ ತರಬೇತಿ.

ಎಂಟು ವಾರಗಳನ್ನು ಹೀಗೆ ಹಂಚಬಹುದು.

ಮೊದಲ ವಾರ: ಬೆಳಿಗ್ಗೆ ಮತ್ತು ಸಂಜೆ ಹಾಲು ಸಂಗ್ರಹಣೆಯ ಹೊತ್ತಿಗೆ ಹಾಜರಿರುವುದು. ಹಾಲು ಬರುವ ಪ್ರಮಾಣ, ಸಮಯ, ಲಾರಿ ಬರುವ ವೇಳೆ ಬರೆದುಕೊಳ್ಳುವುದು.
ಎರಡನೆಯ ವಾರ: ಪ್ರತಿಯೊಂದು ಕೆಲಸಕ್ಕೂ ಬೇಕಾದ ಕಾಲವನ್ನು ಆ ಕೆಲಸ ಮಾಡುವವರನ್ನೇ ಕೇಳಿ ಬರೆಯುವುದು.
ಮೂರನೆಯ ವಾರ: ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಸಂಘದ ಗೋಡೆಗೆ ಅಂಟಿಸುವುದು.
ನಾಲ್ಕರಿಂದ ಏಳನೆಯ ವಾರ: ಆಗಬೇಕಿದ್ದ ಕೆಲಸ, ಆದ ಕೆಲಸ, ಆಗದಿದ್ದರೆ ಕಾರಣ, ಈ ಮೂರನ್ನೂ ವಾರಕ್ಕೊಮ್ಮೆ ಬರೆದು ಕಾರ್ಯದರ್ಶಿಗೆ ತೋರಿಸುವುದು.
ಎಂಟನೆಯ ವಾರ: ಉಳಿದ ಕೆಲಸಗಳನ್ನು ಒಪ್ಪಿಸಿ ಹೋಗುವುದು.

ಕಡೆಯ ಅಂಶಕ್ಕೆ ವಿಶೇಷ ಗಮನ ಕೊಡಬೇಕು. ಯೋಜನೆ 13 ವಾರದ್ದು, ವಿದ್ಯಾರ್ಥಿ ಇರುವುದು 8 ವಾರ. ಯೋಜನೆಯ ಮೊದಲ ದಿನವೇ ಬಂದರೂ ಅವರು ಹೊರಟ ಮೇಲೆ 5 ವಾರದ ಕೆಲಸ ಉಳಿಯುತ್ತದೆ. ಯಾರ ಹತ್ತಿರ ಯಾವ ಅರ್ಜಿ ಇದೆ, ಯಾವ ದಿನಾಂಕಕ್ಕೆ ಯಾರನ್ನು ಕಾಣಬೇಕು ಎಂಬುದು ಅವರ ಮೊಬೈಲಿನಲ್ಲೇ ಉಳಿದರೆ ಸಂಘ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆದ್ದರಿಂದ ಮೊದಲ ದಿನದಿಂದಲೇ ಒಂದು ಪುಸ್ತಕ ಇಟ್ಟು, ಅದು ಸಂಘದ ಕಪಾಟಿನಲ್ಲೇ ಇರುವಂತೆ ನೋಡಿಕೊಳ್ಳಬೇಕು. ಕಾಲೇಜಿಗೆ ಕೊಡುವ ವರದಿ ಇಂಗ್ಲಿಷಿನಲ್ಲಿ ಇದ್ದುಕೊಳ್ಳಲಿ. ಸಂಘಕ್ಕೆ ಎರಡು ಪುಟದ ಕನ್ನಡ ವರದಿ ಉಳಿಯಲಿ. ಅದನ್ನು ವಿದ್ಯಾರ್ಥಿಯೇ ಆಡಳಿತ ಮಂಡಳಿಯ ಮುಂದೆ ಓದಿ ಹೇಳಲಿ.

ಕೆಲಸ ಮುಗಿಯಿತು ಎನ್ನುವುದು ಯಾವಾಗ?

ಟ್ಯಾಂಕ್ ಕೂರಿಸಿ, ರಿಬ್ಬನ್ ಕತ್ತರಿಸಿ, ಭಾವಚಿತ್ರ ತೆಗೆಸಿದ ದಿನ ಯೋಜನೆ ಮುಗಿಯಿತೆಂದು ತಿಳಿಯಬಾರದು. ಹಾಲಿನ ಗುಣಮಟ್ಟ ಏರಿದೆಯೇ ಎಂದು ನೋಡಬೇಕು. ಇದಕ್ಕೆ ಮಿಥಿಲೀನ್ ಬ್ಲೂ ಪರೀಕ್ಷೆ ಇದೆ. ಹಾಲಿಗೆ ನೀಲಿ ದ್ರಾವಣ ಬೆರೆಸಿ 37 ಡಿಗ್ರಿ ಬಿಸಿಯಲ್ಲಿ ಇಟ್ಟಾಗ ನೀಲಿ ಬಣ್ಣ ಎಷ್ಟು ಹೆಚ್ಚು ಹೊತ್ತು ಉಳಿಯುತ್ತದೆಯೋ ಸೂಕ್ಷ್ಮಾಣುಗಳು ಅಷ್ಟು ಕಡಿಮೆ. ಐದು ಗಂಟೆಗೂ ಮೀರಿ ಉಳಿದರೆ ಹಸಿ ಹಾಲು ಬಹಳ ಉತ್ತಮ. ಅರ್ಧ ಗಂಟೆಯೊಳಗೆ ಮಾಯವಾದರೆ ಕಳಪೆ. ಬಿ.ಎಂ.ಸಿ. ಬರುವ ಮೊದಲಿನ ಫಲಿತಾಂಶಗಳನ್ನು ಒಕ್ಕೂಟದ ಪ್ರಯೋಗಾಲಯದಿಂದ ಪಡೆದು ವಿದ್ಯಾರ್ಥಿ ಪುಸ್ತಕದಲ್ಲಿ ಬರೆದಿಟ್ಟರೆ, ಆಮೇಲಿನ ಫಲಿತಾಂಶದೊಡನೆ ಸಂಘವೇ ಹೋಲಿಸಿ ನೋಡಬಹುದು.

ಸಂಘಗಳು ಗಮನಿಸಬೇಕಾದ ಅಂಶಗಳು

1. ಕಾಲೇಜಿನಿಂದ ಪತ್ರ ಪಡೆದು, ಕೆಲಸದ ವಿವರ, ಆರಂಭ ಮತ್ತು ಮುಕ್ತಾಯದ ದಿನಾಂಕ, ಭತ್ಯೆ ಉಂಟೋ ಇಲ್ಲವೋ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಬೇಕು. 1961ರ ಅಪ್ರೆಂಟಿಸ್ ಕಾಯಿದೆಯಡಿ ಬರುವ ಶಿಶಿಕ್ಷು ತರಬೇತಿಯೇ ಬೇರೆ, ವ್ಯಾಸಂಗದ ಭಾಗವಾದ ಇಂಟರ್ನ್‌ಶಿಪ್ಪೇ ಬೇರೆ. ಎರಡನ್ನೂ ಬೆರೆಸಬಾರದು.

2. ಒಬ್ಬರೇ ಮಾರ್ಗದರ್ಶಿ ಇರಬೇಕು. ಅಧ್ಯಕ್ಷರು ಒಂದು, ಕಾರ್ಯದರ್ಶಿ ಒಂದು, ವಿಸ್ತರಣಾಧಿಕಾರಿ ಮತ್ತೊಂದು ಹೇಳಿದರೆ ಯಾವ ಕೆಲಸವೂ ಮುಗಿಯದು. ಮಾರ್ಗದರ್ಶಿಯು ವಾರಕ್ಕೆ ಒಂದು ಗಂಟೆಯನ್ನಾದರೂ ವಿದ್ಯಾರ್ಥಿಗೆ ಮೀಸಲಿಡಬೇಕು.

3. ಹಾಲು ಪರೀಕ್ಷಕರು ರಜೆ ಹೋದಾಗ ವಿದ್ಯಾರ್ಥಿಯನ್ನು ಆ ಜಾಗದಲ್ಲಿ ನಿಲ್ಲಿಸಬಾರದು. ಫ್ಯಾಟ್ ಮತ್ತು ಎಸ್.ಎನ್.ಎಫ್. ಮೇಲೆ ಸದಸ್ಯರಿಗೆ ಹಣ ಬಟವಾಡೆಯಾಗುತ್ತದೆ. ಅದರ ಹೊಣೆ ಸಂಘದ ಸಿಬ್ಬಂದಿಯದೇ. ನಗದು ವ್ಯವಹಾರವನ್ನೂ ಅವರ ಕೈಗೆ ಕೊಡಬಾರದು.

4. ಸದಸ್ಯರ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ, ಸಾಲದ ವಿವರ ವರದಿಯಲ್ಲಿ ಸೇರಬಾರದು.

5. ವಿದ್ಯಾರ್ಥಿನಿಯರು ಬಂದಲ್ಲಿ ಸುರಕ್ಷಿತ ವಸತಿ ಮತ್ತು ಬೆಳಗಿನ ಜಾವ, ಸಂಜೆಯ ಓಡಾಟದ ವ್ಯವಸ್ಥೆಯನ್ನು ಮುಂಚಿತವಾಗಿಯೇ ಮಾಡಬೇಕು.

6. ತಡವಾದ ಕೆಲಸವನ್ನು ತಡವಾಯಿತೆಂದೇ ಬರೆಯಲು ಬಿಡಬೇಕು. ಸಂಘಕ್ಕೆ ಕೆಟ್ಟ ಹೆಸರು ಬರುತ್ತದೆಂದು ದಿನಾಂಕ ತಿದ್ದಿಸಿದರೆ ವಿದ್ಯಾರ್ಥಿ ಕಲಿಯುವುದು ತಿದ್ದುವುದನ್ನೇ. ಮುಂದಿನ ಯೋಜನೆಗೂ ಆ ಪುಸ್ತಕ ಉಪಯೋಗಕ್ಕೆ ಬಾರದು.

ತಂದೆತಾಯಿಗಳಿಗೆ ಒಂದು ಮಾತು

ನಿಮ್ಮ ಮಗನೋ ಮಗಳೋ ಇಂಥ ವ್ಯಾಸಂಗದಲ್ಲಿದ್ದರೆ, ಪರಿಚಯದವರ ಕಚೇರಿಯಲ್ಲಿ ಹಾಜರಿ ಹಾಕಿಸಿ ಪ್ರಮಾಣಪತ್ರ ಕೊಡಿಸಲು ಓಡಾಡಬೇಡಿ. ಕೆಲಸ ಕೊಡುವವರು ಸಂದರ್ಶನದಲ್ಲಿ "ಅಲ್ಲಿ ನೀವು ಏನು ಮಾಡಿದಿರಿ? ಎಲ್ಲಿ ತಡವಾಯಿತು? ಆಗ ಏನು ಮಾಡಿದಿರಿ?" ಎಂದು ಕೇಳಿದರೆ ಉತ್ತರಿಸಲು ಕಾಗದ ಸಾಲದು, ಕೆಲಸ ಮಾಡಿರಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು, ಡೇರಿಯ ಲಾರಿಯ ವೇಳೆಗೆ ಕ್ಯಾನು ತಲುಪಿಸುವುದನ್ನು ಕಂಡು ಬೆಳೆದ ಮಕ್ಕಳಿಗೆ ಯಾವುದರ ಹಿಂದೆ ಯಾವುದು ಆಗಬೇಕು ಎಂಬ ಅರಿವು ಮನೆಯಲ್ಲೇ ದೊರೆತಿದೆ. ಅದನ್ನು ಲೆಕ್ಕದಲ್ಲಿ ಬರೆಯುವುದನ್ನು ಕಲಿತರೆ ಸಾಕು, ಅವರು ಯಾರಿಗೂ ಕಡಿಮೆಯಾಗಲಾರರು.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಮೇಲಿನ ಉದಾಹರಣೆಯಲ್ಲಿ ಕೋಣೆ ಕಟ್ಟುವುದು 8ರ ಬದಲು 10 ವಾರವಾದರೆ ಇಡೀ ಯೋಜನೆಗೆ ಎಷ್ಟು ವಾರ ಬೇಕು? ಆಗ ನಿರ್ಣಾಯಕ ದಾರಿ ಯಾವುದು?
2. ನಮ್ಮ ಸಂಘದಲ್ಲಿ ಈ ವರ್ಷ ಆಗಬೇಕಾದ, ಎಂಟು ವಾರದಲ್ಲಿ ವಿದ್ಯಾರ್ಥಿಗೆ ವಹಿಸಬಹುದಾದ ಒಂದು ಕೆಲಸ ಯಾವುದು?
3. ಅವರಿಗೆ ಮಾರ್ಗದರ್ಶಿ ಯಾರಾಗಬೇಕು?

ಮೊದಲ ಪ್ರಶ್ನೆಗೆ ಉತ್ತರ: 2 + 10 + 1 + 1 = 14 ವಾರ. ಆಗ ಕೋಣೆಯ ದಾರಿಯೇ ನಿರ್ಣಾಯಕವಾಗುತ್ತದೆ. ಉಳಿದ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಸಂಘದ ಮುಂದಿನ ಸಭೆಯಲ್ಲಿ ಸದಸ್ಯರೇ ಕೂಡಿ ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕೆಂದು ಕೋರುತ್ತೇವೆ.