ನೀರಲ್ಲಿ ಹೋಮ, ಅದೂ 19,400 ರೂಪಾಯಿಗೆ

ಭಟ್ಕಳದ ಹಿರಿಯರೊಬ್ಬರಿಂದ ಹಳೆಯ ಸೀಕೊ ಡೈವ್ ವಾಚೊಂದನ್ನು 42,000 ರೂಪಾಯಿಗೆ ಕೊಂಡೆ. ಅದನ್ನು ಮತ್ತೆ ನೀರಿಗಿಳಿಸುವ ಹಾಗೆ ಮಾಡಿಸಲು 19,400 ಖರ್ಚಾಯಿತು. ಕೆಲಸ ಮುಗಿಸಿ ತಂದು, ಹಳೆ ವಾಚಿನ ವ್ಯಾಪಾರ ಬಲ್ಲ ಮಂಗಳೂರಿನ ಗೆಳೆಯನ ಮುಂದಿಟ್ಟೆ. ತಿರುಗಿಸಿ ಮುರುಗಿಸಿ ನೋಡಿದವನು, ‘ಈಗ ಇದಕ್ಕೆ ಮೂವತ್ತು ಸಾವಿರದ ಮೇಲೆ ಯಾರೂ ಕೊಡುವುದಿಲ್ಲ ಮಾರಾಯ’ ಅಂದ. ಕೈಯಿಂದ ದುಡ್ಡು ಹಾಕಿ ಬೆಲೆ ಇಳಿಸಿಕೊಂಡವನು ನಾನು. ಆದರೆ ಇದು ಕಣ್ಣು ಮುಚ್ಚಿ ಮಾಡಿದ್ದಲ್ಲ. ಕೇಸನ್ನು ಲೇತಿಗೆ ಕೊಡುವ ಮುಂಚೆಯೇ ರಿಪೇರಿಯವರು ಎಚ್ಚರಿಸಿದ್ದರು, ನಾನೂ ಲೆಕ್ಕ ಹಾಕಿಯೇ ಹೂಂ ಅಂದದ್ದು. ಆ ಲೆಕ್ಕವನ್ನು ಇಲ್ಲಿ ಬಿಚ್ಚಿಡುತ್ತೇನೆ. ತಪ್ಪಿದ್ದರೆ ಹಿಡಿಯಿರಿ.

ವಾಚು 6309-7040. ಸೀಕೊ ಇದನ್ನು 1976ರಿಂದ 1988ರವರೆಗೆ ತಯಾರಿಸಿತು. ದಿಂಬಿನಾಕಾರದ ದಪ್ಪ ಕೇಸು, ಮೂರರ ಬದಲು ನಾಲ್ಕರ ಪಕ್ಕದಲ್ಲಿ ಕೀ, ಡಯಲ್ ಮೇಲೆ 150 ಮೀಟರ್ ಎಂಬ ಬರಹ, ಒಳಗೆ 17 ಜ್ಯುವೆಲ್ಲಿನ ಆಟೊಮ್ಯಾಟಿಕ್. ಇದಕ್ಕೆ ಕೀ ತಿರುಗಿಸಿ ಚಾವಿ ಕೊಡಲು ಬರುವುದಿಲ್ಲ. ಕೈಗೆ ಕಟ್ಟಿ ಓಡಾಡಿದರೆ ನಡೆಯುತ್ತದೆ, ಬೀರುವಿನಲ್ಲಿಟ್ಟರೆ ನಿಲ್ಲುತ್ತದೆ. ಹಿಂಬದಿಯ ಸೀರಿಯಲ್ ನಂಬರಿನ ಮೊದಲ ಅಂಕೆ ವರ್ಷದ ಕೊನೆಯ ಅಂಕೆ, ಎರಡನೆಯದು ತಿಂಗಳು. ನನ್ನದರಲ್ಲಿ ಮೊದಲನೆಯದು 1. ಹಾಗಾಗಿ ಅದು 1981ರದ್ದಲ್ಲದೆ ಬೇರೆ ವರ್ಷದ್ದಾಗಲು ಸಾಧ್ಯವಿಲ್ಲ. ವಾರದ ಹೆಸರು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಇದೆ, ಗಲ್ಫ್ ಮಾರುಕಟ್ಟೆಗೆ ಹೋದ ಮಾಲು ಅನ್ನುವುದಕ್ಕೆ ಅದೇ ಗುರುತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಕೊಲ್ಲಿಗೆ ದುಡಿಯಲು ಹೋದ ನಮ್ಮ ಕರಾವಳಿಯವರು ರಜೆಗೆ ಬರುವಾಗ ಟೇಪ್ ರೆಕಾರ್ಡರ್, ಸೆಂಟು, ಟಾರ್ಚಿನ ಜೊತೆ ಇಂಥ ವಾಚುಗಳನ್ನೂ ತಂದರು. ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳು ಘಟ್ಟದ ಮೇಲಿನವರಿಗೂ ಗೊತ್ತಿದ್ದವು. ನನಗೆ ಮಾರಿದ ಹಿರಿಯರು ಸೌದಿಯ ದಮ್ಮಾಮಿನ ಬಂದರಿನಲ್ಲಿ ಕೆಲಸ ಮಾಡಿದವರು. ಅವರ ವಾಚು ಉಪ್ಪುನೀರು ನಿಜಕ್ಕೂ ಕುಡಿದಿತ್ತು. ಕೀಯ ತಿರುಪು ಪೂರ್ತಿ ಸವೆದು, ತಿರುಗಿಸಿದರೆ ಹಿಡಿತವೇ ಸಿಗುತ್ತಿರಲಿಲ್ಲ.

ಈ ತಿರುಪೇ ಎಲ್ಲ ತಕರಾರಿನ ಮೂಲ. ಡೈವ್ ವಾಚಿನ ಒಳಕ್ಕೆ ನೀರು ಹೋಗುವ ದಾರಿ ಮೂರು: ಗಾಜಿನ ಅಂಚು, ಹಿಂಬದಿಯ ಮುಚ್ಚಳ, ಕೀ. ಮೊದಲೆರಡಕ್ಕೆ ಗ್ಯಾಸ್ಕೆಟ್ ಬದಲಿಸಿದರೆ ಸಾಕು. ಕೀಯ ಕೊಳವೆಯ ತಿರುಪು ಹೋದರೆ ಕೇಸನ್ನೇ ಕೊರೆದು ಹೊಸ ಕೊಳವೆ ಕೂರಿಸಬೇಕು. ಕೊರೆದ ಕೇಸು ಸಂಗ್ರಾಹಕರ ಕಣ್ಣಲ್ಲಿ ಕೆಟ್ಟ ಕೇಸು. ಆದರೆ ತಿರುಪು ಸವೆದ ಅದೇ ವಾಚನ್ನು, ನೀರು ತಾಗಿಸಬೇಡಿ ಎಂಬ ಎಚ್ಚರಿಕೆಯೊಂದಿಗೆ, ಅವರೇ ಹೆಚ್ಚು ಕೊಟ್ಟು ಕೊಳ್ಳುತ್ತಾರೆ!

ಹಳೆಯ ಡೈವ್ ವಾಚಿನ ಬೆಲೆ ಎಲ್ಲಿದೆ ಅಂದರೆ, ಹಾಳಾದ ಭಾಗಗಳಲ್ಲಿದೆ. ಡಯಲ್, ಮುಳ್ಳು, ಗಾಜಿನ ಸುತ್ತ ತಿರುಗುವ ಬೆಜೆಲ್ಲಿನ ಬಿಲ್ಲೆ, ಈ ಮೂರೂ ಹುಟ್ಟಿದಾಗಿನವೇ ಆಗಿರಬೇಕು. ಕಪ್ಪು ಬೆಜೆಲ್ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿದ್ದರೆ ಬೆಲೆ ಏರುತ್ತದೆ. ಲ್ಯೂಮ್, ಅಂದರೆ ಕತ್ತಲಲ್ಲಿ ಹೊಳೆಯುವ ಬಣ್ಣ, ಹಳದಿಯಾಗಿದ್ದರೆ ಇನ್ನೂ ಏರುತ್ತದೆ. ಹಳೆಯ ಸ್ವಿಸ್ ವಾಚುಗಳ ಡಯಲ್ಲಿನ ಕೆಳಗೆ ‘ಸ್ವಿಸ್’ ಎಂಬುದರ ಅಕ್ಕಪಕ್ಕ ಟಿ ಅಕ್ಷರ ಇರುತ್ತದಲ್ಲ, ಅದು ಟ್ರಿಟಿಯಂ. ಹನ್ನೆರಡು ವರ್ಷ ಚಿಲ್ಲರೆಗೊಮ್ಮೆ ಅದರ ಶಕ್ತಿ ಅರ್ಧವಾಗುತ್ತ ಹೋಗುತ್ತದೆ. 1970ರ ಟ್ರಿಟಿಯಂ ಇವತ್ತು ಕತ್ತಲಲ್ಲಿ ಏನನ್ನೂ ತೋರಿಸದು. ಆ ಸತ್ತ ಬಣ್ಣವನ್ನು ತೆಗೆದು ಹೊಳೆಯುವ ಹೊಸದನ್ನು ತುಂಬಿಸಿದರೆ ವಾಚು ಕೆಲಸಕ್ಕೆ ಬರುತ್ತದೆ, ಬೆಲೆ ಬೀಳುತ್ತದೆ. ಗಾಜು, ಕೀ, ಕೇಸಿನ ಪಾಲಿಶ್, ಎಲ್ಲದಕ್ಕೂ ಇದೇ ಕತೆ. ನೀರಿಗಿಳಿಯುವ ವಾಚು ಬೇಕೋ, ಬೆಲೆ ಉಳಿಸಿಕೊಳ್ಳುವ ವಾಚು ಬೇಕೋ ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಬೇಕು. ಎರಡೂ ಬೇಕು ಅನ್ನುವವರಿಂದಲೇ ಮಾರುವವರ ಹೊಟ್ಟೆ ತುಂಬುವುದು.

ನಕಲಿಯ ಮಾತು ಬೇರೆ. ಫಾವ್ರ್ ಲ್ಯೂಬಾದ ಸೀ ಕಿಂಗ್, ಸೀ ಚೀಫ್ ನಮ್ಮ ತಂದೆ, ತಾತಂದಿರ ಕೈಯಲ್ಲಿದ್ದ ವಾಚುಗಳು. ಹೆಸರಲ್ಲಿ ಸಮುದ್ರವಿದೆ ಅಷ್ಟೆ, ಅವು ಡೈವ್ ವಾಚುಗಳಲ್ಲ. ಆ ಕಂಪನಿ 1968ರಲ್ಲಿ ಆಳವನ್ನೂ ತೋರಿಸುವ ಬ್ಯಾಥಿ ಎಂಬ ನಿಜವಾದ ಡೈವ್ ವಾಚು ಮಾಡಿತ್ತು. ಈಗ ಆನ್‌ಲೈನಿನಲ್ಲಿ ‘ವಿಂಟೇಜ್ ಡೈವರ್’ ಎಂದು ಹಳದಿ, ಕಿತ್ತಳೆ ಡಯಲ್ಲಿನ ಸೀ ಕಿಂಗ್ ಮೂರು ಸಾವಿರಕ್ಕೆ ಕಂಡರೆ ಅದು ಹೊಸದಾಗಿ ಬಣ್ಣ ಹೊಡೆದ ಮುಂಬೈ ಸ್ಪೆಷಲ್. ಮುಂದಕ್ಕೆ ಹೋಗಿ.

ನನ್ನ ಲೆಕ್ಕಕ್ಕೆ ಬರುತ್ತೇನೆ. ರಿಪೇರಿಯಲ್ಲಿ ಓವರ್‌ಹಾಲ್ 6,000, ಲೇತ್ ಕೆಲಸ ಮತ್ತು ಹೊಸ ಕೀ 8,500, ಗಾಜು ಹಾಗೂ ಗ್ಯಾಸ್ಕೆಟ್ 3,400, ಪ್ರೆಷರ್ ಟೆಸ್ಟ್ 1,500. ಡಯಲ್, ಮುಳ್ಳು ಮುಟ್ಟಿಸಲಿಲ್ಲ. ಒಟ್ಟು ಹೂಡಿದ್ದು 61,400. ಹತ್ತು ವರ್ಷ ಕಟ್ಟುತ್ತೇನೆ ಅಂದುಕೊಳ್ಳಿ. ವರ್ಷಕ್ಕೊಮ್ಮೆ ಗ್ಯಾಸ್ಕೆಟ್ಟಿಗೆ ಗ್ರೀಸ್ ಹಚ್ಚಿ ಟೆಸ್ಟ್ ಮಾಡಿಸಲು 1,500ರಂತೆ 15,000. ನಡುವೆ ಒಂದು ಓವರ್‌ಹಾಲ್, 7,000. ಈಗ 83,400 ಆಯಿತು. ಕೊನೆಗೆ 30,000ಕ್ಕೇ ಮಾರಿದರೂ ಕೈಬಿಟ್ಟದ್ದು 53,400, ವರ್ಷಕ್ಕೆ 5,340.

ಇಲ್ಲಿಗೆ ನಿಲ್ಲಿಸುವವರು ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ. ಆ 61,400 ಎಫ್‌ಡಿಯಲ್ಲಿದ್ದರೆ? 7% ಬಡ್ಡಿ ಅನ್ನಿ. ನಾನು ಮೇಲಿನ ಸ್ಲ್ಯಾಬಿನವನು, ಸೆಸ್ ಸೇರಿ 31.2% ತೆರಿಗೆ ಕಳೆದರೆ ಉಳಿಯುವುದು 4.816%. ಹತ್ತು ವರ್ಷದ ಚಕ್ರಬಡ್ಡಿಯಲ್ಲಿ 61,400 ಸುಮಾರು 98,280 ಆಗುತ್ತದೆ. ಕೈತಪ್ಪಿದ ಬಡ್ಡಿ 36,880, ವರ್ಷಕ್ಕೆ 3,688. ಹಿಂದಿನ 5,340 ಕೂಡಿಸಿ: 9,028. ತಿಂಗಳಿಗೆ 750 ರೂಪಾಯಿ ಚಿಲ್ಲರೆ. ವರ್ಷವರ್ಷದ ಸಣ್ಣ ಖರ್ಚಿನ ಮೇಲಿನ ಬಡ್ಡಿ ಬಿಟ್ಟಿದ್ದೇನೆ, ಅದರಿಂದ ಚಿತ್ರ ಬದಲಾಗುವುದಿಲ್ಲ.

ಈಗ ಗೆಳೆಯನ ದಾರಿ. ಅವನು ಹೇಳಿದ್ದು, 42,000ಕ್ಕೆ ತಂದದ್ದನ್ನು ಹಾಗೆಯೇ ಬಟ್ಟೆ ಸುತ್ತಿ ಬೀರುವಿನಲ್ಲಿಡು, ಹತ್ತು ವರ್ಷ ಬಿಟ್ಟು ಮಾರು. ಅದೇ 4.816%ದಲ್ಲಿ 42,000 ಹತ್ತು ವರ್ಷಕ್ಕೆ 67,225 ಆಗುತ್ತದೆ. ಎಫ್‌ಡಿಗೆ ಸರಿಸಮ ಬರಬೇಕಾದರೆ ಅಷ್ಟು ನನ್ನ ಕೈಗೆ ಸಿಗಬೇಕು. ಮಾರಿಸಿಕೊಡುವವರು 15% ಕಮಿಷನ್ ಹಿಡಿದರೆ ವಾಚು ಹೋಗಬೇಕಾದದ್ದು 79,000ಕ್ಕೆ. ಅಂದರೆ ಬೆಲೆ ಹೆಚ್ಚುಕಡಿಮೆ ಎರಡು ಪಟ್ಟಾಗಬೇಕು, ಅದೂ ಬರೀ ಬ್ಯಾಂಕಿನ ಬಡ್ಡಿಯನ್ನು ಮುಟ್ಟಲು. ಹತ್ತು ವರ್ಷ ನಿಂತ ವಾಚಿನ ಎಣ್ಣೆ ಒಣಗಿರುತ್ತದೆ, ಕೊಳ್ಳುವವನು ಓವರ್‌ಹಾಲಿನ ಖರ್ಚನ್ನು ಬೆಲೆಯಲ್ಲಿ ಮುರಿಯುತ್ತಾನೆ. ಇಷ್ಟೆಲ್ಲ ಮಾಡಿ ಒಂದು ದಿನವೂ ಕಟ್ಟಿರುವುದಿಲ್ಲ. ತಿಂಗಳಿಗೆ 750 ಕೊಟ್ಟು ಕಟ್ಟುವುದು ನನಗೆ ಅಗ್ಗವಾಗಿ ಕಂಡಿತು.

ತೆರಿಗೆಯ ಕಡೆಯಿಂದಲೂ ಕಟ್ಟುವವನಿಗೇ ಅನುಕೂಲ. ಸ್ವಂತ ಬಳಕೆಯ ಚರವಸ್ತು ಬಂಡವಾಳ ಆಸ್ತಿ ಅಲ್ಲ, ಆಭರಣ, ಚಿತ್ರ, ಶಿಲ್ಪ, ಕಲಾಕೃತಿಗಳನ್ನು ಬಿಟ್ಟು. ಹಾಗಾಗಿ ಕೈಗೆ ಕಟ್ಟುವ ಸ್ಟೀಲ್ ವಾಚನ್ನು ಲಾಭಕ್ಕೆ ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ, ನಷ್ಟವನ್ನೂ ಬೇರೆಲ್ಲೂ ತೋರಿಸಿ ಕಳೆಯಲು ಬರುವುದಿಲ್ಲ. ಲಾಕರಿನಲ್ಲಿ ಪ್ಲಾಸ್ಟಿಕ್ ಬಿಚ್ಚದೆ ಸಾಲಾಗಿಟ್ಟ ವಾಚುಗಳನ್ನು ಸ್ವಂತ ಬಳಕೆ ಅಂದರೆ ಅಧಿಕಾರಿ ಯಾಕೆ ಒಪ್ಪಬೇಕು? ತಿಂಗಳಿಗೊಂದು ಕೊಂಡು ಮಾರುವವರದಂತೂ ವ್ಯಾಪಾರವೇ. ಇನ್ನು 2025ರ ಏಪ್ರಿಲ್ 22ರಿಂದ 10 ಲಕ್ಷ ದಾಟಿದ ಕೈಗಡಿಯಾರಕ್ಕೆ 1% ಟಿಸಿಎಸ್ (ಮಾರುವವರು ಕೊಳ್ಳುವವರಿಂದ ಮುಂಗಡವಾಗಿ ಹಿಡಿಯುವ ತೆರಿಗೆ) ಬಂದಿದೆ. ನಮ್ಮಂಥವರಿಗೆ ಅದರ ಚಿಂತೆ ಇಲ್ಲ.

ಚಿಂತೆ ಇರುವುದು ಇನ್ನೊಂದರ ಬಗ್ಗೆ. ಕೆಲವು ತಿಂಗಳಿಂದ ‘ಲಕ್ಷುರಿ ವಾಚಿನಲ್ಲಿ ಪಾಲು’ ಎಂದು ಫೋನ್ ಮೇಲೆ ಫೋನ್. ಒಂದು ಹಳೆಯ ರೋಲೆಕ್ಸ್ ಸಬ್‌ಮರೀನರ್ ಅನ್ನು ನೂರಾರು ಜನರಿಗೆ ಹೋಳು ಮಾಡಿ ಮಾರುತ್ತಾರಂತೆ, ವಾಚು ಅವರ ತಿಜೋರಿಯಲ್ಲೇ ಇರುತ್ತದಂತೆ. ಕಳಿಸಿದ ಗ್ರಾಫು 2020ರಲ್ಲಿ ಶುರುವಾಗಿ 2022ರ ಮೊದಲ ತಿಂಗಳುಗಳಲ್ಲಿ ನಿಲ್ಲುತ್ತದೆ. ಸೆಕೆಂಡ್ ಹ್ಯಾಂಡ್ ವಾಚಿನ ಬೆಲೆ ತುದಿ ಮುಟ್ಟಿ ಕೆಳಗಿಳಿಯತೊಡಗಿದ್ದು ಸರಿಯಾಗಿ ಅಲ್ಲಿಂದಲೇ. ಮುಂದಿನದ್ದು ಎಲ್ಲಿ ಅಂದರೆ ‘ಸರ್, ಅದು ಕರೆಕ್ಷನ್’ ಎಂಬ ಉತ್ತರ. ಅವರ ಕರಪತ್ರದ ಮುಖಪುಟದಲ್ಲಿ ಪಾಲ್ ನ್ಯೂಮನ್ನನ ರೋಲೆಕ್ಸ್ ಡೇಟೋನಾ, 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋದದ್ದು. ಅದು ಡೈವ್ ವಾಚೇ ಅಲ್ಲ! ಸಿನಿಮಾ ನಟನ ಕೈಯಲ್ಲಿದ್ದ ಒಂದೇ ಒಂದು ವಾಚಿನ ಬೆಲೆ ತೋರಿಸಿ ಬೇರೆಲ್ಲ ವಾಚುಗಳಿಗೆ ಗಿರಾಕಿ ಹುಡುಕುವುದು ಎಂಥ ವ್ಯವಹಾರ? ನನ್ನ ಪಾಲನ್ನು ನಾನೇ ಮಾರಲು ಬರುತ್ತದೆಯೇ, ಯಾರಿಗೆ, ಯಾವಾಗ, ತಿಜೋರಿಯ ಬಾಡಿಗೆ ಯಾರದು ಎಂದು ಕೇಳಿದೆ. ಆಮೇಲೆ ಫೋನ್ ಬಂದಿಲ್ಲ. ಕಟ್ಟಲು ಬಾರದ, ಮುಟ್ಟಲು ಸಿಗದ, ಮಾರಲು ದಾರಿಯಿಲ್ಲದ ವಾಚಿನ ಒಂದು ಚೂರು ನಿಮಗೆ ಯಾಕೆ ಬೇಕು ಸ್ವಾಮಿ?

ಅವರ ಕರಪತ್ರದಲ್ಲೇ ಇನ್ನೊಂದು ಪುಟ ಇತ್ತು, ಅದು ಅವರಿಗೇ ಅರ್ಥವಾಗಿಲ್ಲ. ಹರಾಜಿನಲ್ಲಿ ಇವತ್ತು ಕೈಗೆಟುಕದ ಬೆಲೆಗೆ ಹೋಗುವ ಡೈವ್ ವಾಚುಗಳಲ್ಲಿ ಬ್ರಿಟಿಷ್ ನೌಕಾಪಡೆ ಎಪ್ಪತ್ತರ ದಶಕದಲ್ಲಿ ತನ್ನ ಮುಳುಗುಗಾರರಿಗೆ ಹಂಚಿದ ಸಬ್‌ಮರೀನರ್, ಫ್ರೆಂಚ್ ನೌಕಾಪಡೆಯ ಟ್ಯೂಡರ್, ಮಾರ್ಸೇಲ್‌ನ ಕಾಮೆಕ್ಸ್ ಕಂಪನಿಯ ಮುಳುಗುಗಾರರ ರೋಲೆಕ್ಸ್ ಇವೆ. ಅವು ಸರಕಾರದ, ಕಂಪನಿಯ ಸಾಮಾನು. ಸ್ಪ್ಯಾನರಿಗಿದ್ದ ಗೌರವವೇ ಅವಕ್ಕೂ. ಗಾಜು ಒಡೆದರೆ ಬದಲಿಸಿದರು, ಮುಳ್ಳು ಹೋದರೆ ಬೇರೆ ಹಾಕಿದರು, ಕಟ್ಟಿಕೊಂಡು ನೀರಿಗೆ ಹಾರಿದರು. ಬೆಲೆಯ ಯೋಚನೆಯೇ ಇಲ್ಲದೆ ಬಳಸಿದ್ದಕ್ಕೆ ಬೆಲೆ ಬಂತು. ಇದನ್ನು ನೋಡಿಕೊಂಡು ನನ್ನ 6309ಕ್ಕೂ ಒಂದು ದಿನ ಹಾಗೇ ಬರುತ್ತದೆ ಎಂದೇನೂ ಕನಸು ಕಾಣುತ್ತಿಲ್ಲ. ಸೀಕೊ ಇವನ್ನು ರಾಶಿರಾಶಿ ಮಾಡಿದೆ.

‘ಅಷ್ಟು ದುಡ್ಡಿಗೆ ಹೊಸ ಡೈವ್ ವಾಚೇ ಬರುತ್ತಿತ್ತಲ್ಲ’ ಅಂತ ನನ್ನ ಹೆಂಡತಿ ಕೇಳಿದಳು. ಬರುತ್ತಿತ್ತು. ಐಎಸ್‌ಒ 6425 ಮುದ್ರೆಯ ವಾಚು, ಒಂದೊಂದನ್ನೂ ಬರೆದ ಆಳಕ್ಕಿಂತ 25% ಹೆಚ್ಚು ಒತ್ತಡದಲ್ಲಿ ಪರೀಕ್ಷಿಸಿದ್ದು. ನೀರಿನ ಭರವಸೆಯೊಂದೇ ಬೇಕಿದ್ದವರು ಅದನ್ನೇ ಕೊಳ್ಳಲಿ, ವಾದ ಮಾಡುವುದಿಲ್ಲ. ನಾನು ಇಳಿಯುವುದು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ, ಹತ್ತು ಹನ್ನೆರಡು ಮೀಟರಿಗೆ. ಸಮಯ, ಆಳ ಎಲ್ಲವನ್ನೂ ಜೊತೆಗಿರುವವರ ಡೈವ್ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನನ್ನ ವಾಚಿಗೆ ಅಲ್ಲಿ ಕೆಲಸವೇನೂ ಇಲ್ಲ. ಡಯಲ್ ಮೇಲಿನ 150 ಮೀಟರನ್ನು 1981ರ ಗ್ಯಾಸ್ಕೆಟ್ಟಿಗೆ ಕೊಟ್ಟ ಸರ್ಟಿಫಿಕೇಟು ಅಂತಲೇ ಓದಬೇಕು.

ಇಂಥ ವಾಚು ಇಟ್ಟುಕೊಂಡವರಲ್ಲಿ ನಾನು ಕಾಣುವ ಕೆಟ್ಟ ಚಾಳಿ ಒಂದೇ, ಒಂದನ್ನು ರಿಪೇರಿ ಮಾಡಿಸುವ ಮೊದಲೇ ಇನ್ನೊಂದು ತರುವುದು. ಡ್ರಾಯರ್ ತೆಗೆದರೆ ಅರ್ಧ ಡಜನ್ ನಿಂತ ವಾಚು, ಪ್ರತಿಯೊಂದಕ್ಕೂ ‘ಪಾರ್ಟ್ ಸಿಕ್ಕಿದ ಮೇಲೆ’ ಎಂಬ ಸಮಾಧಾನ. ಸಂಡೇ ಬಜಾರಿನಲ್ಲಿ ಎಂಟುನೂರಕ್ಕೆ ಸಿಕ್ಕಿತು ಅನ್ನುವವರು ಓವರ್‌ಹಾಲಿನ 6,000ವನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಕೊಳ್ಳುವ ಬೆಲೆಯ ಅರ್ಧದಷ್ಟನ್ನು ಬೇರೆಯಾಗಿ ತೆಗೆದಿಡಲು ಆಗದಿದ್ದರೆ ಆ ವಾಚು ನಿಮ್ಮ ಕೈಗೆ ದುಬಾರಿ. ಬದಲಿಸಿದ ಹಳೆಯ ಕೀ, ಗಾಜನ್ನು ರಿಪೇರಿಯವರಿಂದ ಕೇಳಿ ತನ್ನಿ, ಪೊಟ್ಟಣ ಕಟ್ಟಿ ಬಿಲ್ಲಿನ ಜೊತೆ ಇಡಿ, ಮಾರುವಾಗ ಬೆಲೆ ಬರುತ್ತದೆ. ಐವತ್ತರ ದಶಕದ ವಾಚಾದರೆ ಡಯಲ್ ಮೇಲಿನ ಬಣ್ಣ ರೇಡಿಯಂ ಆಗಿರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ, ಅದರ ಅರ್ಧಾಯುಷ್ಯ 1,600 ವರ್ಷ. ಮನೆಯಲ್ಲಿ ಮುಚ್ಚಳ ಬಿಚ್ಚಿ ಉಗುರಿನಿಂದ ಕೆರೆಯುವ ಸಾಹಸ ಬೇಡ.

ಮೊನ್ನೆ ರಿಪೇರಿಯವರು ಪ್ರೆಷರ್ ಟೆಸ್ಟಿನ ದರ 1,800 ಮಾಡಿದ್ದೇವೆ ಅಂದರು. ಹತ್ತು ವರ್ಷಕ್ಕೆ 3,000 ಹೆಚ್ಚಾಯಿತು, ತಿಂಗಳಿಗೆ 25 ರೂಪಾಯಿ. ಮೇಲಿನ 750ಕ್ಕೆ ಅದನ್ನೂ ಸೇರಿಸಿ ಓದಿಕೊಳ್ಳಿ.