ಹಾರುವ ತಟ್ಟೆಗಳೂ ಕಿನ್ನರರೂ

1961ನೆಯ ಇಸವಿಯ ಏಪ್ರಿಲ್ 18ರಂದು, ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಈಗಲ್ ರಿವರ್ ಎಂಬಲ್ಲಿ, ಜೋ ಸೈಮಂಟನ್ ಎಂಬವರ ಅಂಗಳದಲ್ಲಿ ಹಾರುವ ತಟ್ಟೆಯೊಂದು ಇಳಿಯಿತಂತೆ. ಒಳಗಿದ್ದವರು ಸನ್ನೆಯಿಂದ ನೀರು ಬೇಡಿ, ಪ್ರತಿಯಾಗಿ ದೋಸೆಯಂಥ ತಿನಿಸನ್ನು ಕೊಟ್ಟರೆಂದು ಆತನ ಹೇಳಿಕೆ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದು ಈ ಭೂಮಿಯ ಸಾಧಾರಣ ಹಿಟ್ಟು, ಕೊಬ್ಬುಗಳಿಂದಲೇ ಆದುದೆಂದು ತಿಳಿದುಬಂದಿತು.

ಫ್ರಾನ್ಸಿನಲ್ಲಿ ಜನಿಸಿದ ಜಾಕ್ ವಾಲೇ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥ ಪ್ರಸಂಗಗಳನ್ನು ಯೂರೋಪಿನ ಜನಪದ ಕಥೆಗಳೊಡನೆ ಹೋಲಿಸಿದರು. ಅಲ್ಲಿಯೂ ಕಿನ್ನರರು ಮನುಷ್ಯರೊಡನೆ ಆಹಾರವನ್ನು ವಿನಿಮಯ ಮಾಡಿಕೊಳ್ಳುವರು. ಅವರ ನೃತ್ಯದಲ್ಲಿ ಸೇರಿದವನಿಗೆ ಗಳಿಗೆಯೆಂದು ತೋರಿದ್ದು ಹೊರಗೆ ವರ್ಷಗಳಾಗಿರುತ್ತದೆ. 1961ರ ಸೆಪ್ಟೆಂಬರಿನಲ್ಲಿ ತಟ್ಟೆಯನ್ನು ಕಂಡೆವೆಂದ ಹಿಲ್ ದಂಪತಿಗಳ ವೃತ್ತಾಂತದಲ್ಲಿಯೂ ಸುಮಾರು 2 ಗಂಟೆಗಳ ಕಾಲ ಲೆಕ್ಕಕ್ಕೆ ಸಿಗದು!

ಈ ಸಾಮ್ಯದಿಂದ ನಾವು ಏನನ್ನು ನಿರ್ಣಯಿಸಬಹುದು? ಕಿನ್ನರರೇ ಅನ್ಯಗ್ರಹವಾಸಿಗಳೆಂದರೆ, ಒಂದು ಅಜ್ಞಾತವನ್ನು ಇನ್ನೊಂದು ಅಜ್ಞಾತದಿಂದ ವಿವರಿಸಿದಂತಾಗುವುದು. ಎರಡು ಬಗೆಯ ಕಥೆಗಳಲ್ಲಿಯೂ ನಿಶ್ಚಯವಾಗಿ ಇರುವವನು, ಕಥೆಯನ್ನು ಹೇಳುವ ಮನುಷ್ಯನೊಬ್ಬನೇ. ಅರೆಎಚ್ಚರದಲ್ಲಿ ದೇಹವು ಸ್ತಬ್ಧವಾಗಿ, ಬಳಿಯಲ್ಲಿ ಯಾರೋ ನಿಂತಂತೆ ಭಾಸವಾಗುವ ಸ್ಥಿತಿಯನ್ನು ವೈದ್ಯಶಾಸ್ತ್ರವು ಬಲ್ಲದು. ಆ ಆಗಂತುಕನಿಗೆ ರೂಪವನ್ನು ಕೊಡುವುದು ಆಯಾ ಕಾಲದ ನಂಬಿಕೆ.

ಆದರೆ ಕಥೆಯು ನೆಲದ ಮೇಲೆ ಗುರುತನ್ನು ಬಿಟ್ಟಾಗ ವಿಜ್ಞಾನಕ್ಕೆ ಕೆಲಸ ದೊರೆಯುತ್ತದೆ. ಹುಲ್ಲುಗಾವಲಿನ ಉಂಗುರಗಳನ್ನು ಯೂರೋಪಿನ ಹಳ್ಳಿಗರು ಕಿನ್ನರನೃತ್ಯದ ಹೆಜ್ಜೆಗಳೆಂದು ನಂಬಿದ್ದರು. ನೆಲದೊಳಗೆ ಶಿಲೀಂಧ್ರದ ಎಳೆಗಳು ಒಂದೇ ಕೇಂದ್ರದಿಂದ ಸುತ್ತಲೂ ಸಮನಾಗಿ ಹರಡುವುದರಿಂದ ಅವು ಮೂಡುತ್ತವೆಂದು ಇಂದು ತಿಳಿದಿದೆ. ಉಂಗುರವನ್ನು ಅಗೆದು ನೋಡಬಹುದು, ತಿನಿಸನ್ನು ಪರೀಕ್ಷಿಸಬಹುದು. ವಿಚಿತ್ರ ವಾರ್ತೆಯನ್ನು ಕೇಳಿದ ವಿದ್ಯಾರ್ಥಿಯು ಮೊದಲು ಅರಸಬೇಕಾದುದು ಅಂಥ ಗುರುತನ್ನೇ.